ಮೊದಲು ಒತ್ತಿದವರು ಯಾರು?

ನಿಸ್ತಂತು ಎಂದೊಡನೆ ನಮಗೆ ನೆನಪಾಗುವುದು ಆಕಾಶವಾಣಿಯೇ. ಇಂದು ನಾನು ಹೇಳಹೊರಟಿರುವುದು ಅಂಗೈಯಲ್ಲಿ ಅಡಗುವ ಪುಟ್ಟ ಪ್ರೇಷಕವೊಂದರ ಸಂಗತಿ: ಶಾಲೆಗಳ ರಸಪ್ರಶ್ನೆ ಸ್ಪರ್ಧೆಯಲ್ಲಿ ಮಕ್ಕಳು ಒತ್ತುವ ಬಜರ್.

ಹುಮನಾಬಾದಿನ ಶಾಲೆಯೊಂದರಲ್ಲಿ ತೀರ್ಪುಗಾರನಾಗಿ ಕುಳಿತಿದ್ದಾಗ ಅದನ್ನು ಹತ್ತಿರದಿಂದ ಕಂಡೆ. ಹಿಂದೆಲ್ಲ ಕೈ ಎತ್ತುವ ಪದ್ಧತಿ. ಮೂರು ಕೈಗಳು ಒಮ್ಮೆಗೇ ಮೇಲೆದ್ದರೆ ತೀರ್ಪುಗಾರನ ಕಣ್ಣಿಗೆ ಬಿದ್ದವರೇ ಮೊದಲಿಗರು. ಬಳಿಕ ಬಂದ ಬಜರಿನ ತಂತಿ ವೇದಿಕೆಯ ಮೇಲೆ ಮಕ್ಕಳ ಕಾಲಿಗೆ ತೊಡರುತ್ತಿತ್ತು. ನಿಸ್ತಂತು ಬಜರಿಗೆ ಆ ತೊಡಕಿಲ್ಲ. ಪ್ರತಿ ಗುಂಡಿಗೂ ತನ್ನದೇ ಸಂಕೇತ. ಒತ್ತಿದೊಡನೆ ಅದು ಸಂಚಾಲಕರ ಮೇಜಿನ ಪೆಟ್ಟಿಗೆಯನ್ನು ಮುಟ್ಟುತ್ತದೆ. ಪೆಟ್ಟಿಗೆ ಮೊದಲನೆಯದನ್ನು ಹಿಡಿದು ಉಳಿದವಕ್ಕೆ ಬಾಗಿಲು ಮುಚ್ಚುತ್ತದೆ. ಎರಡು ಸಂಕೇತಗಳು ಒಂದೇ ಗಳಿಗೆಯಲ್ಲಿ ಹೊರಟರೆ ಒಂದನ್ನೊಂದು ಕೆಡಿಸುವುದುಂಟು. ಅಗ್ಗದ ಯಂತ್ರಗಳು ಎಡವುವುದು ಇಲ್ಲಿಯೇ. ಒಳ್ಳೆಯವು ಒತ್ತಿದ ಕ್ಷಣವನ್ನು ಗುಂಡಿಯಲ್ಲಿಯೇ ಗುರುತಿಸಿಕೊಂಡು ಕಳುಹಿಸುತ್ತವೆ.

ಅಂದಿನ ಯಂತ್ರ ಒಳ್ಳೆಯದೇ ಇತ್ತು. ಆದರೂ ಕೊನೆಯ ಮೇಜಿನ ಹುಡುಗಿಯೊಬ್ಬಳು ಪ್ರತಿ ಸಲವೂ ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದಳು. ರೇಡಿಯೋ ತರಂಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಶಬ್ದದ ನಡಿಗೆ ಸುಮಾರು 340 ಮೀಟರು ಮಾತ್ರ. ಧ್ವನಿವರ್ಧಕದಿಂದ 10 ಮೀಟರು ಆಚೆ ಕುಳಿತವರಿಗೆ ಪ್ರಶ್ನೆ ಕೇಳಿಸುವುದು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ತಡವಾಗಿ. ಸಾವಿರದ ಒಂದಂಶವನ್ನೂ ಎಣಿಸುವ ಪೆಟ್ಟಿಗೆಯ ಮುಂದೆ ಇದು ಸಣ್ಣ ಅಂತರವಲ್ಲ.

ಅದಕ್ಕಿಂತಲೂ ದೊಡ್ಡ ತಡವೊಂದಿತ್ತು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡ, ಮರಾಠಿ, ಉರ್ದು ಬೆರೆತ ನಮ್ಮ ಬೀದರ ಸೀಮೆಯ ಮಗು ಅವನ್ನು ಮೊದಲು ಮನೆಮಾತಿಗೆ ತಿರುಗಿಸಿಕೊಳ್ಳಬೇಕು. 'ಮಿತಾಕ್ಷರಾ'ದ ಕರ್ತೃ ಯಾರೆಂದು ಕೇಳಿದಾಗ ಆ ಹುಡುಗಿಯ ತುಟಿಯಲ್ಲಿ ವಿಜ್ಞಾನೇಶ್ವರನ ಹೆಸರು ಮೂಡಿದ್ದನ್ನು ನಾನು ಕಂಡೆ. ಆದರೆ ದೀಪ ಹೊತ್ತಿದ್ದು ಮುಂದಿನ ಮೇಜಿನದು. ಗುಂಡಿ ಒತ್ತಿದ ಹುಡುಗ ಉತ್ತರಕ್ಕಾಗಿ ಛಾವಣಿಯನ್ನು ನೋಡುತ್ತಿದ್ದ! ವಿಜ್ಞಾನೇಶ್ವರ ಆ ಗ್ರಂಥವನ್ನು ರಚಿಸಿದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ. ಹುಡುಗಿಯ ಊರೂ ಅದೇ.

ಮರುವರ್ಷ ಬಸವಕಲ್ಯಾಣದಲ್ಲಿ ಸ್ಪರ್ಧೆ ನಡೆದಾಗ ಸಂಘಟಕರಲ್ಲಿ ನಾನು ಎರಡು ಬೇಡಿಕೆಗಳನ್ನಿಟ್ಟೆ. ಮೇಜುಗಳನ್ನು ಧ್ವನಿವರ್ಧಕದ ಎದುರು ಅರ್ಧಚಂದ್ರಾಕಾರವಾಗಿ ಇರಿಸಿದರು. ಪ್ರಶ್ನೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಓದಿ, ಮೂರು ಎಣಿಸಿದ ಮೇಲೆಯೇ ಸಂಚಾಲಕರು ಗುಂಡಿಗಳ ಬೀಗ ತೆಗೆದರು. ಸ್ಪರ್ಧೆ ಅರ್ಧ ಗಂಟೆ ಹೆಚ್ಚು ಹಿಡಿಯಿತು. ಊಟ ತಣ್ಣಗಾಯಿತೆಂದು ಹಿರಿಯರೊಬ್ಬರು ಗೊಣಗಿದರು.