ಒಂದು ಸಾಲು ಏನು ಹೇಳುತ್ತದೆ?



ಡೇಟಾ ವೇರ್‌ಹೌಸ್‌ಗಾಗಿ ಮಾದರಿ ಕಟ್ಟುವುದು ಹೇಗೆ ಎಂಬುದರ ಬಗ್ಗೆ ಎರಡು ದಿನ ಕನ್ನಡದಲ್ಲಿ ಚರ್ಚೆ ಮಾಡಲು ಇಷ್ಟು ಜನ ಸೇರಿರುವುದೇ ನನಗೆ ದೊಡ್ಡ ಸಂತೋಷ. ಆಶಯ ಭಾಷಣ ಮಾಡುವವರು ವಿಷಯದ ಮಹತ್ವದಿಂದ ಆರಂಭಿಸುವುದು ವಾಡಿಕೆ. ನಾನು ಹರಪನಹಳ್ಳಿಯಿಂದ ಆರಂಭಿಸುತ್ತೇನೆ.

ಹರಪನಹಳ್ಳಿ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದಾಗ ಅದು ದಾವಣಗೆರೆಗೆ ಹೋಯಿತು. ಮುಂದೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಬಳ್ಳಾರಿಗೆ ಸಿಕ್ಕಿತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ಸಿಗಲಿಲ್ಲ. ಅಲ್ಲಿನ ಜನ ಹೋರಾಡಿದರು. 2018ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದು ಅಲ್ಲಿಗೆ ಸೇರಿತು. ಊರು ಇದ್ದಲ್ಲೇ ಇದೆ, ಹೊಲಗಳು ಇದ್ದಲ್ಲೇ ಇವೆ. ಕಾಗದದ ಮೇಲೆ ಮಾತ್ರ ಒಂದೇ ತಾಲ್ಲೂಕು ಸುಮಾರು ಕಾಲು ಶತಮಾನದಲ್ಲಿ ಮೂರು ಸಲ ಜಿಲ್ಲೆ ಬದಲಿಸಿದೆ.

ಈಗ ಒಬ್ಬ ಅಧಿಕಾರಿ ಕೇಳುತ್ತಾರೆ: ದಾವಣಗೆರೆ ಜಿಲ್ಲೆಯಲ್ಲಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಮೆಕ್ಕೆಜೋಳದ ಬಿತ್ತನೆ ಪ್ರದೇಶ ಹೇಗೆ ಬದಲಾಗಿದೆ? ನಿಮ್ಮ ತಾಲ್ಲೂಕು ಕೋಷ್ಟಕದಲ್ಲಿ ಜಿಲ್ಲೆಗೆ ಒಂದೇ ಕಾಲಂ ಇದ್ದು, ಬದಲಾದಾಗಲೆಲ್ಲ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಬಂದಿದ್ದರೆ, ಹರಪನಹಳ್ಳಿಯ ಎಲ್ಲ ವರ್ಷಗಳ ಬೆಳೆಯೂ ವಿಜಯನಗರದ ಲೆಕ್ಕಕ್ಕೆ ಹೋಗುತ್ತದೆ. ಆ ಜಿಲ್ಲೆ ಇಲ್ಲದಿದ್ದ ಕಾಲದಲ್ಲೂ ಅದಕ್ಕೊಂದು ಬೆಳೆ ಬರುತ್ತದೆ, ದಾವಣಗೆರೆ ಅಂದು ಪ್ರಕಟಿಸಿದ ಅಂಕಿಗಳಿಗೂ ಇಂದಿನ ವರದಿಗೂ ತಾಳೆಯಾಗುವುದಿಲ್ಲ. ಆಯಾ ವರ್ಷದ ಜಿಲ್ಲೆಯ ಹೆಸರನ್ನು ಹಾಗೇ ಉಳಿಸಿಕೊಂಡಿದ್ದರೆ ಗ್ರಾಫ್ ಒಂದು ಕಡೆ ದಿಢೀರನೆ ಕುಸಿಯುತ್ತದೆ. ನೋಡಿದವರು ಮಳೆ ಕೈಕೊಟ್ಟಿತು ಎಂದುಕೊಳ್ಳಬಹುದು. ಕುಸಿದದ್ದಕ್ಕೆ ಕಾರಣ ಮಳೆಯಲ್ಲ, ಗಡಿ.

ಎರಡರಲ್ಲಿ ಯಾವುದು ಸರಿ? ನನ್ನ ಉತ್ತರ: ಎರಡೂ ಬೇಕು. ಅಂದು ಯಾವ ಜಿಲ್ಲಾಡಳಿತ ಹೊಣೆ ಹೊತ್ತಿತ್ತು ಎಂಬುದು ಒಂದು ಪ್ರಶ್ನೆ. ಇಂದಿನ ಗಡಿಯೊಳಗಿನ ನೆಲದಲ್ಲಿ ಅಂದು ಏನು ಬೆಳೆದಿತ್ತು ಎಂಬುದು ಇನ್ನೊಂದು. ಇಂಥ ಬದಲಾವಣೆಗಳನ್ನು ರಾಲ್ಫ್ ಕಿಂಬಾಲ್ ನಿಧಾನವಾಗಿ ಬದಲಾಗುವ ಡೈಮೆನ್ಶನ್‌ಗಳು ಎಂದು ಗುರುತಿಸಿ, ಅವುಗಳನ್ನು ನಿಭಾಯಿಸುವ ಬಗೆಗಳಿಗೆ ಟೈಪ್ 1, ಟೈಪ್ 2, ಟೈಪ್ 3 ಎಂದು ಸಂಖ್ಯೆ ಕೊಟ್ಟರು. ಟೈಪ್ 1ರಲ್ಲಿ ಹಳೆಯದನ್ನು ಅಳಿಸಿ ಬರೆಯುತ್ತೇವೆ. ಟೈಪ್ 2ರಲ್ಲಿ ಪ್ರತಿ ಬದಲಾವಣೆಗೂ ಹೊಸ ಸಾಲು. ಅದಕ್ಕೆ ತನ್ನದೇ ಸರೊಗೇಟ್ ಕೀ, ಯಾವ ದಿನದಿಂದ ಯಾವ ದಿನದವರೆಗೆ ನಿಜ ಎಂಬ ಎರಡು ತಾರೀಕು. ಟೈಪ್ 3ರಲ್ಲಿ ಹಿಂದಿನದಕ್ಕೆ ಪಕ್ಕದಲ್ಲೇ ಒಂದು ಕಾಲಂ. ಹರಪನಹಳ್ಳಿಗೆ ಟೈಪ್ 2ರ ಪ್ರಕಾರ ನಾಲ್ಕು ಸಾಲು ಬೇಕು, ನಾಲ್ಕರಲ್ಲೂ ‘ಇಂದಿನ ಜಿಲ್ಲೆ’ ಎಂಬ ಕಾಲಂ ಇದ್ದು ಅದರಲ್ಲಿ ವಿಜಯನಗರ ಎಂದಿರಬೇಕು. ಆಗ ಎರಡೂ ಪ್ರಶ್ನೆಗೆ ಒಂದೇ ಕೋಷ್ಟಕ ಉತ್ತರ ಕೊಡುತ್ತದೆ.

ಬರೀ ಹೆಸರು ಬದಲಾದದ್ದನ್ನೂ ಗಡಿ ಬದಲಾದದ್ದನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಎಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆ ಹೆಸರು ಬದಲಾವಣೆಯಿಂದ ಯಾವ ಹಳ್ಳಿಯೂ ಜಿಲ್ಲೆ ಬದಲಿಸಲಿಲ್ಲ. ಅಲ್ಲಿ ಅಳಿಸಿ ಬರೆದರೂ ಲೆಕ್ಕ ಕೆಡುವುದಿಲ್ಲ. ಆದರೆ ಗುಲ್ಬರ್ಗಾದಿಂದ ಯಾದಗಿರಿ ಬೇರೆಯಾದದ್ದು ಹಾಗಲ್ಲ, ಅಲ್ಲಿ ನೆಲವೇ ಪಾಲಾಗಿದೆ. ತಂತ್ರಾಂಶಕ್ಕೆ ಎರಡೂ ಒಂದು ಕಾಲಂನ ಬದಲಾವಣೆ ಅಷ್ಟೆ. ವ್ಯತ್ಯಾಸ ಗೊತ್ತಾಗಬೇಕಾದದ್ದು ಮಾದರಿ ಕಟ್ಟುವವರಿಗೆ.

ಈ ಎರಡು ದಿನಗಳಿಗೆ ನನ್ನ ಆಶಯ ಒಂದೇ. ಯಾವ ಕೋಷ್ಟಕವನ್ನು ಬರೆಯುವ ಮೊದಲೂ ಅದರ ಒಂದು ಸಾಲು ಏನನ್ನು ಹೇಳುತ್ತದೆ, ಯಾವ ಕಾಲಕ್ಕೆ ಅದು ನಿಜ ಎಂಬುದನ್ನು ಪೂರ್ಣ ವಾಕ್ಯದಲ್ಲಿ ಬರೆಯಬೇಕು. ಆ ವಾಕ್ಯವನ್ನು ದಿನನಿತ್ಯ ಆ ಕೆಲಸ ಮಾಡುವವರು ಓದಿ ಒಪ್ಪಬೇಕು. ನಾನು ನೋಡಿರುವ ಸೋತ ವೇರ್‌ಹೌಸ್‌ಗಳಲ್ಲಿ ಹೆಚ್ಚಿನವು ಯಂತ್ರದ ಶಕ್ತಿ ಸಾಲದೆ ಸೋತವಲ್ಲ. ಈ ಒಂದು ವಾಕ್ಯವನ್ನು ಯಾರೂ ಬರೆಯದೆ ಸೋತವು.

ಇತಿಹಾಸವನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಪ್ರಬಂಧ ಪ್ರಕಟಿಸಿದರು. 1976ರಲ್ಲಿ ಪೀಟರ್ ಚೆನ್ ಎಂಟಿಟಿ-ರಿಲೇಶನ್‌ಶಿಪ್ ಚಿತ್ರಗಳನ್ನು ಕೊಟ್ಟರು. ಒಂದು ಮಾಹಿತಿ ಒಂದೇ ಕಡೆ ಇರಲಿ ಎಂಬ ನಾರ್ಮಲೈಸೇಶನ್ನಿನ ಶಿಸ್ತು ದಿನದ ವಹಿವಾಟಿಗೆ ಇಂದಿಗೂ ಸರಿ. ಆದರೆ ಆ ಶಿಸ್ತಿನ ಪ್ರಕಾರ ಕಟ್ಟಿದ ನೂರಾರು ಕೋಷ್ಟಕಗಳ ಮೇಲೆ ವಿಶ್ಲೇಷಣೆಯ ಪ್ರಶ್ನೆ ಕೇಳುವುದು ಕಷ್ಟವಾಯಿತು. 1988ರಲ್ಲಿ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ವರದಿಗಳಿಗೆಂದೇ ಬೇರೆ ದತ್ತಾಂಶ ಭಂಡಾರದ ವಿನ್ಯಾಸ ಮುಂದಿಟ್ಟರು. 1992ರಲ್ಲಿ ಬಿಲ್ ಇನ್ಮನ್ ಅವರ ಪುಸ್ತಕ ಬಂತು: ವೇರ್‌ಹೌಸ್ ವಿಷಯಕ್ಕೆ ತಕ್ಕಂತೆ ಜೋಡಿಸಿದ್ದಾಗಿರಬೇಕು, ಎಲ್ಲ ಮೂಲಗಳನ್ನು ಬೆಸೆದದ್ದಾಗಿರಬೇಕು, ಕಾಲದ ಗುರುತು ಹೊತ್ತಿರಬೇಕು, ಒಮ್ಮೆ ಸೇರಿದ್ದು ಅಳಿಯಬಾರದು ಎಂದರು. 1996ರಲ್ಲಿ ಕಿಂಬಾಲ್ ಅವರ ‘ದಿ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ ಬಂತು. ನಡುವೆ ಅಳತೆಗಳನ್ನಿಡುವ ಫ್ಯಾಕ್ಟ್ ಟೇಬಲ್, ಸುತ್ತ ಅವುಗಳನ್ನು ವಿವರಿಸುವ ಡೈಮೆನ್ಶನ್‌ಗಳು, ಅದೇ ಸ್ಟಾರ್ ಸ್ಕೀಮಾ. ಇನ್ಮನ್ ಸರಿಯೋ ಕಿಂಬಾಲ್ ಸರಿಯೋ ಎಂಬ ವಾದಕ್ಕೆ ಈ ಸಭೆಯ ಸಮಯ ಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಸಾಲಿನ ಅರ್ಥ, ನಂತರ ಡೈಮೆನ್ಶನ್‌ಗಳು, ನಂತರ ಅಳತೆಗಳು ಎಂದು ಕಿಂಬಾಲ್ ಹೇಳಿದ ಕ್ರಮವನ್ನು ಒಂದು ನಿಜವಾದ ಕೆಲಸಕ್ಕೆ ಹಚ್ಚಿ ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಗಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಜನ ಡೇರಿಗೆ ಹಾಲು ಹಾಕುತ್ತಾರೆ. ತೂಕವಾಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಪರೀಕ್ಷೆಯಾಗುತ್ತದೆ, ಚೀಟಿ ಬರುತ್ತದೆ. ಇಲ್ಲಿ ಫ್ಯಾಕ್ಟ್ ಟೇಬಲ್ಲಿನ ಒಂದು ಸಾಲು ಏನು? ‘ಒಬ್ಬ ಸದಸ್ಯರು ಒಂದು ದಿನ ಹಾಕಿದ ಹಾಲು’ ಎಂದು ಹೊರಗಿನಿಂದ ಬಂದವರು ಬರೆಯುತ್ತಾರೆ. ಸಂಘದ ಕಾರ್ಯದರ್ಶಿಯನ್ನು ಕೇಳಿದರೆ ಆ ವಾಕ್ಯ ನಿಲ್ಲುವುದಿಲ್ಲ. ಸಂಜೆ ಹಾಲಿಗೆ ಸಾಮಾನ್ಯವಾಗಿ ಫ್ಯಾಟ್ ಜಾಸ್ತಿ. ದಿನಕ್ಕೊಂದೇ ಸಾಲು ಮಾಡಿದರೆ ಆ ವ್ಯತ್ಯಾಸ ಶಾಶ್ವತವಾಗಿ ಹೋಯಿತು. ಹಸು, ಎಮ್ಮೆ ಎರಡೂ ಇರುವವರು ಒಂದೇ ಹೊತ್ತಿಗೆ ಎರಡು ಬಗೆಯ ಹಾಲು ತರಬಹುದು. ಪರೀಕ್ಷೆಯಲ್ಲಿ ನಿಲ್ಲದೆ ವಾಪಸ್ ಕಳಿಸಿದ ಹಾಲಿಗೂ ಒಂದು ಸಾಲು ಬೇಕೇ ಬೇಡವೇ? ಹೀಗೆ ಮಾತಾಡುತ್ತ ಮಾತಾಡುತ್ತ ‘ಒಬ್ಬ ಸದಸ್ಯರು, ಒಂದು ದಿನದ ಒಂದು ಹೊತ್ತು, ಒಂದು ಬಗೆಯ ಹಾಲನ್ನು ಸಂಘಕ್ಕೆ ತಂದದ್ದು’ ಎಂಬ ವಾಕ್ಯಕ್ಕೆ ಬಂದು ನಿಲ್ಲುತ್ತೇವೆ. ಗ್ರೇನ್, ಅಂದರೆ ಒಂದು ಸಾಲಿನ ಅರ್ಥ, ನಿರ್ಧಾರವಾಗುವುದು ಹೀಗೆ, ತೂಕದ ಯಂತ್ರದ ಪಕ್ಕದಲ್ಲಿ ನಿಂತು. ಅಲ್ಲಿಂದ ಮುಂದೆ ಸದಸ್ಯ, ಸಂಘ, ದಿನ, ಹೊತ್ತು, ಹಾಲಿನ ಬಗೆ ಎಂಬ ಡೈಮೆನ್ಶನ್‌ಗಳು ತಾವಾಗಿಯೇ ಆ ವಾಕ್ಯದಿಂದ ಹೊರಬರುತ್ತವೆ.

ಇನ್ನು ಅಳತೆಗಳು. ಒಬ್ಬರು ಫ್ಯಾಟ್ 4 ಇರುವ 6 ಕೆಜಿ ಹಸುವಿನ ಹಾಲನ್ನೂ ಫ್ಯಾಟ್ 6 ಇರುವ 2 ಕೆಜಿ ಎಮ್ಮೆ ಹಾಲನ್ನೂ ತಂದರು ಎಂದಿಟ್ಟುಕೊಳ್ಳಿ. ಎರಡು ಸಾಲುಗಳ ಸರಾಸರಿ ತೆಗೆದರೆ ಡ್ಯಾಶ್‌ಬೋರ್ಡಿನಲ್ಲಿ 5 ಎಂದು ಬರುತ್ತದೆ. ನಿಜವಾದ ಉತ್ತರ 4.5. ಶೇಕಡಾವಾರು ಕೂಡಿಸುವ ವಸ್ತುವಲ್ಲ. ಕೋಷ್ಟಕದಲ್ಲಿ ಫ್ಯಾಟ್‌ನ ತೂಕವನ್ನೇ ಇಡಿ: 0.24 ಕೆಜಿ, 0.12 ಕೆಜಿ. ಅವುಗಳನ್ನು ಎಷ್ಟು ಸದಸ್ಯರಿಗೆ, ಎಷ್ಟು ಹಳ್ಳಿಗೆ ಬೇಕಾದರೂ ಕೂಡಿಸಬಹುದು. ಕೊನೆಯಲ್ಲಿ ಹಾಲಿನ ತೂಕದಿಂದ ಭಾಗಿಸಿದರೆ ಸರಿಯಾದ ಶೇಕಡಾ ಬರುತ್ತದೆ. ಸಂಘದ ಕೂಲರ್‌ನಲ್ಲಿರುವ ಹಾಲಿನ ದಾಸ್ತಾನು ಇನ್ನೊಂದು ಜಾತಿ. ಇಂದು ಸಂಜೆ ಹತ್ತು ಸಂಘಗಳಲ್ಲಿರುವ ದಾಸ್ತಾನನ್ನು ಕೂಡಿಸಬಹುದು, ಒಂದೇ ಸಂಘದ ಮೂವತ್ತು ದಿನಗಳ ದಾಸ್ತಾನನ್ನು ಕೂಡಿಸುವಂತಿಲ್ಲ. ಬ್ಯಾಂಕ್ ಖಾತೆಯ ಬಾಕಿಯೂ ಹೀಗೆಯೇ. ರೈತರಿಗೆ ಹಣ ಬಟವಾಡೆಯಾಗುವುದು ಇಂಥ ಅಂಕಿಗಳ ಮೇಲೆ. ಆದ್ದರಿಂದ ಇದನ್ನು ಬರೀ ಪರೀಕ್ಷೆಗೆ ಓದುವ ವರ್ಗೀಕರಣವೆಂದು ತಿಳಿಯಬೇಡಿ.

ಇದಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. ಈ ವಾರ ಹಾಲು ಹಾಕುವುದನ್ನು ನಿಲ್ಲಿಸಿದವರು ಯಾರು? ಹಸು ಬತ್ತಿರಬಹುದು, ಕಾಯಿಲೆ ಬಿದ್ದಿರಬಹುದು, ಖಾಸಗಿಯವರಿಗೆ ಕೊಡುತ್ತಿರಬಹುದು. ಸಂಘಗಳ ಹಾಲು ಒಕ್ಕೂಟಕ್ಕೆ ಇದು ತುಂಬ ಬೇಕಾದ ಮಾಹಿತಿ. ಆದರೆ ಹಾಲು ತರದವರಿಗೆ ಚೀಟಿಯಿಲ್ಲ, ಚೀಟಿಯಿಲ್ಲದ್ದಕ್ಕೆ ಸಾಲಿಲ್ಲ. ನಡೆದದ್ದನ್ನು ಮಾತ್ರ ಬರೆದಿಟ್ಟ ಕೋಷ್ಟಕ ನಡೆಯದೆ ಉಳಿದದ್ದರ ಬಗ್ಗೆ ಮೂಕ. ಅದಕ್ಕಾಗಿ ‘ಈ ದಿನ ಈ ಸದಸ್ಯರಿಂದ ಹಾಲು ನಿರೀಕ್ಷೆಯಿತ್ತು’ ಎಂದಷ್ಟೇ ಹೇಳುವ, ಯಾವ ಅಳತೆಯೂ ಇಲ್ಲದ ಇನ್ನೊಂದು ಕೋಷ್ಟಕ ಬೇಕು. ಪುಸ್ತಕಗಳಲ್ಲಿ ಇದನ್ನು ಫ್ಯಾಕ್ಟ್‌ಲೆಸ್ ಫ್ಯಾಕ್ಟ್ ಟೇಬಲ್ ಎನ್ನುತ್ತಾರೆ. ಎರಡನ್ನೂ ಹೋಲಿಸಿದರೆ ಬಾರದವರ ಪಟ್ಟಿ ಸಿಗುತ್ತದೆ. ಶಾಲೆಯ ಹಾಜರಿ, ಮಕ್ಕಳ ಲಸಿಕೆ, ಬಸ್ಸಿನ ಟ್ರಿಪ್ಪು, ಎಲ್ಲ ಕಡೆಯೂ ಜನರಿಗೆ ನಿಜವಾಗಿ ತಾಗುವ ಪ್ರಶ್ನೆಗಳು ಈ ಜಾತಿಯವೇ. ನಮ್ಮ ಪಠ್ಯಕ್ರಮಗಳಲ್ಲಿ ಇದಕ್ಕೆ ಅರ್ಧ ಪುಟವೂ ಸಿಗುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಹಲವು ಇಲಾಖೆಗಳ ಮಾಹಿತಿಯನ್ನು ಒಟ್ಟಿಗೆ ತರಲು ಹೋದಾಗ ಜಿಲ್ಲೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ, ಈ ಸಲ ಬೇರೆ ರೂಪದಲ್ಲಿ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ, ಶಿರಸಿ, ಮಧುಗಿರಿ ಜಿಲ್ಲೆಗಳಲ್ಲ. ಶಿಕ್ಷಣ ಇಲಾಖೆಗೆ ಅವು ಶೈಕ್ಷಣಿಕ ಜಿಲ್ಲೆಗಳು. ಹಾಲಿನ ವಿಷಯಕ್ಕೆ ಬಂದರೆ ದಕ್ಷಿಣ ಕನ್ನಡ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಉಡುಪಿಯೂ ಇದೆ, ಹಾಸನ ಒಕ್ಕೂಟದ ವ್ಯಾಪ್ತಿಯಲ್ಲಿ ಕೊಡಗು, ಚಿಕ್ಕಮಗಳೂರು ಇವೆ. ‘ಜಿಲ್ಲಾವಾರು’ ಎಂದು ತಲೆಬರಹ ಕೊಟ್ಟು ಮೂರು ಇಲಾಖೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಅವು ಮೂರು ಬೇರೆ ನಕ್ಷೆಗಳ ಅಂಕಿಗಳು. ಕನ್‌ಫಾರ್ಮ್ಡ್ ಡೈಮೆನ್ಶನ್ ಎಂದು ಕಿಂಬಾಲ್ ಹೇಳಿದ್ದು ಇದರ ಪರಿಹಾರವನ್ನೇ: ಎಲ್ಲರೂ ಒಪ್ಪಿ ಹಂಚಿಕೊಳ್ಳುವ ಒಂದೇ ಸ್ಥಳ-ಡೈಮೆನ್ಶನ್. ಅದರ ತಳದ ಘಟಕ ಜಿಲ್ಲೆಯಾದರೆ ಆಗದು, ಗ್ರಾಮದ ಮಟ್ಟಕ್ಕೆ ಇಳಿಯಬೇಕು. ಗ್ರಾಮದಿಂದ ಮೇಲಕ್ಕೆ ಕಂದಾಯದ ದಾರಿ ಒಂದು, ಶಿಕ್ಷಣದ್ದು ಒಂದು, ಒಕ್ಕೂಟದ್ದು ಒಂದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಸಂಕೇತಗಳು ಇದಕ್ಕೆ ಒಳ್ಳೆಯ ಆಧಾರ. ಇಲಾಖೆಗಳನ್ನು ಒಂದೇ ಮೇಜಿಗೆ ಕರೆದು ಒಪ್ಪಿಸುವುದು ಎಸ್‌ಕ್ಯೂಎಲ್ ಬರೆಯುವುದಕ್ಕಿಂತ ಎಷ್ಟೋ ಕಷ್ಟ, ಮತ್ತು ಅದೂ ಮಾದರಿ ಕಟ್ಟುವವರ ಕೆಲಸವೇ.

ಡ್ಯಾನ್ ಲಿನ್‌ಸ್ಟೆಟ್ ಅವರ ಡೇಟಾ ವಾಲ್ಟ್ ಬಗ್ಗೆ ಮಧ್ಯಾಹ್ನ ಪ್ರತ್ಯೇಕ ಗೋಷ್ಠಿಯಿದೆ. ಗುರುತುಗಳಿಗೆ ಹಬ್, ಸಂಬಂಧಗಳಿಗೆ ಲಿಂಕ್, ಬದಲಾಗುವ ವಿವರಗಳಿಗೆ ಸ್ಯಾಟಲೈಟ್ ಎಂದು ಬೇರ್ಪಡಿಸುವ ಆ ಪದ್ಧತಿ ಹತ್ತಾರು ಮೂಲಗಳಿಂದ ಬರುವ ಮಾಹಿತಿಯನ್ನು ಬಂದಂತೆಯೇ ಕಾಪಾಡಲು ಒಳ್ಳೆಯದು. ಓದುಗರ ಮುಂದೆ ಇಡುವಾಗ ಮಾತ್ರ ಸ್ಟಾರ್ ಸ್ಕೀಮಾವೇ ಇರಲಿ ಎಂಬುದು ನನ್ನ ನಿಲುವು.

ಕಾಲಂ ಕ್ರಮದಲ್ಲಿ ಸಂಗ್ರಹಿಸುವ ಇಂದಿನ ಕ್ಲೌಡ್ ವೇರ್‌ಹೌಸ್‌ಗಳು ಬಂದ ಮೇಲೆ ಎಲ್ಲವನ್ನೂ ಒಂದೇ ಅಗಲವಾದ ಕೋಷ್ಟಕದಲ್ಲಿ ಸುರಿದರೆ ಸಾಕು, ಮಾದರಿಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ವೇಗದ ಮಟ್ಟಿಗೆ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಅಗಲವಾದ ಕೋಷ್ಟಕಕ್ಕೂ ಸಾಲುಗಳಿವೆ, ಆ ಸಾಲು ಏನು ಹೇಳುತ್ತದೆ ಎಂಬ ಪ್ರಶ್ನೆ ಅಲ್ಲೂ ಹಾಗೇ ಇದೆ. ಈಗ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಎಸ್‌ಕ್ಯೂಎಲ್ ಬರೆದುಕೊಡುವ ಭಾಷಾ ಮಾದರಿಗಳು ಬಂದಿವೆ. ಜಿಲ್ಲಾ ಪಂಚಾಯಿತಿಯ ಸದಸ್ಯರೊಬ್ಬರು ತಮ್ಮ ಮಾತಿನಲ್ಲೇ ಕೇಳಿ ಉತ್ತರ ಪಡೆಯುವ ದಿನ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಅನುಭವವಿರುವ ವಿಶ್ಲೇಷಕರು ಶೇಕಡಾವಾರನ್ನು ಕೂಡಿಸಬಾರದು ಎಂದು ತಾವೇ ತಡೆದುಕೊಳ್ಳುತ್ತಾರೆ. ಆ ಎಚ್ಚರ ಮಾದರಿಯಲ್ಲೇ ಬರೆದಿರದಿದ್ದರೆ ಯಂತ್ರ ತಪ್ಪು ಉತ್ತರವನ್ನೂ ಅಷ್ಟೇ ನಂಬಿಕೆಯಿಂದ ಕೊಡುತ್ತದೆ. ಪ್ರತಿ ಕಾಲಂನ ವಿವರಣೆ ಕನ್ನಡದಲ್ಲೂ ಇರಲಿ ಎಂದು ನಾನು ಕೇಳುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ, ನನ್ನಲ್ಲಿ ಪೂರ್ಣ ಉತ್ತರವಿಲ್ಲದ ಒಂದು ಪ್ರಶ್ನೆಯನ್ನು ನಾಳೆಯ ಗೋಷ್ಠಿಗೆ ಒಪ್ಪಿಸುತ್ತೇನೆ. ವೇರ್‌ಹೌಸ್‌ಗೆ ಸೇರಿದ್ದು ಅಳಿಯಬಾರದು ಎಂದು ಇನ್ಮನ್ ಹೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಹೆಸರು, ಫೋನು, ಖಾತೆ ಸಂಖ್ಯೆಗಳನ್ನು ಒಂದು ಪ್ರತ್ಯೇಕ ಕೋಷ್ಟಕದಲ್ಲಿಟ್ಟು, ಕೇಳಿದಾಗ ಅದನ್ನಷ್ಟೇ ಅಳಿಸಿ, ಹಾಲಿನ ಲೆಕ್ಕವನ್ನು ಹೆಸರಿಲ್ಲದ ಕೀಯ ಮೇಲೆ ಉಳಿಸಿಕೊಳ್ಳುವುದು ಒಂದು ದಾರಿ. ಆದರೆ ಐವತ್ತು ಮನೆಯ ಊರಿನಲ್ಲಿ ಹೊತ್ತಿಗೆ ನಲವತ್ತು ಕೆಜಿ ಎಮ್ಮೆ ಹಾಲು ಹಾಕುವವರು ಒಬ್ಬರೇ ಇದ್ದರೆ, ಹೆಸರು ಅಳಿಸಿದರೂ ಅವರು ಯಾರೆಂದು ಊರಿಗೆಲ್ಲ ಗೊತ್ತು. ಗ್ರೇನ್ ಸೂಕ್ಷ್ಮವಾದಷ್ಟೂ ಲೆಕ್ಕ ನಿಖರ, ವ್ಯಕ್ತಿಯೂ ಅಷ್ಟೇ ಬಯಲು. ಯಾವ ಹಂತದಲ್ಲಿ, ಎಷ್ಟು ವರ್ಷದ ನಂತರ ಸಾಲುಗಳನ್ನು ಒಟ್ಟುಗೂಡಿಸಬೇಕು, ಆ ತೀರ್ಮಾನದಲ್ಲಿ ಹಾಲು ಹಾಕುವ ಸದಸ್ಯರ ಮಾತಿಗೆ ಎಷ್ಟು ಬೆಲೆ ಇರಬೇಕು? ಕಾನೂನು ವಿಭಾಗದವರೂ ಸಹಕಾರ ಕ್ಷೇತ್ರದವರೂ ಇಲ್ಲಿದ್ದಾರೆ. ನಿಮ್ಮ ಪ್ರಬಂಧಗಳಲ್ಲಿ, ಚರ್ಚೆಯಲ್ಲಿ ಇದಕ್ಕೆ ಉತ್ತರ ಹುಡುಕಿ ಎಂದು ಕೋರುತ್ತೇನೆ.