ಡಿಕ್ಕಿಯಲ್ಲಿಟ್ಟ ಸಿಲಿಂಡರ್ ಕೈಗೆ ಸಿಗೋದು ಯಾವಾಗ?

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ, ಕಾರಿನಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿರಬೇಕು ಅನ್ನೋದು.

2020ರ ಆಗಸ್ಟ್ 12 ನೆನಪು ಮಾಡ್ಕೊಳ್ರಿ. ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹಿರಿಯೂರು ಹತ್ತಿರ ನಸುಕಿನಲ್ಲಿ ಹೊತ್ತಿ ಉರೀತು. 5 ಜನ ತೀರಿಕೊಂಡರು, ಅವರಲ್ಲಿ ಸಣ್ಣ ಮಕ್ಕಳೂ ಇದ್ದರು. ಅಷ್ಟು ದೊಡ್ಡ ಬೆಂಕಿ ನಮ್ಮ ಕಾರಿನ 1 ಕೆಜಿ ಸಿಲಿಂಡರಿಗೆ ಬಗ್ಗೋದಲ್ಲ, ಖರೆ. ಆದ್ರೆ ಕಾರಿನ ಬೆಂಕಿ ಶುರುವಾಗೋದು ಸಣ್ಣದಾಗೇ. ವೈರ್ ಸುಟ್ಟ ವಾಸನಿ, ಬಾನೆಟ್ಟಿಂದ ಹೊಗಿ. ನಮಗೆ ಸಿಗೋ ಹೊತ್ತು ಅಷ್ಟೇ.

ಬಹಳ ಮಂದಿ ಸಿಲಿಂಡರನ್ನ ಡಿಕ್ಕಿಯಲ್ಲಿ ಇಡ್ತಾರೆ. ಮದುವಿಗೆ ಹೊರಟಾಗ ಅದರ ಮೇಲೆ ಬ್ಯಾಗು, ಬುಟ್ಟಿ, ಅಕ್ಕಿ ಚೀಲ. ಹಿಂದಿನಿಂದ ಗಾಡಿ ಗುದ್ದಿದ್ರೆ ಡಿಕ್ಕಿ ತೆಗೆಯೋಕೇ ಬರಲ್ಲ. ಡ್ಯಾಶ್‌ಬೋರ್ಡ್ ಮೇಲಂತೂ ಬ್ಯಾಡ. ನಮ್ಮ ಕಡೆ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟ್ತದೆ, ಮುಚ್ಚಿದ ಕಾರಿನೊಳಗೆ ಇನ್ನೂ ಜಾಸ್ತಿ. ಸಿಲಿಂಡರ್ ಎಷ್ಟು ಡಿಗ್ರಿ ತಡೀತದೆ ಅಂತ ಅದರ ಲೇಬಲ್ ಮೇಲೇ ಇರ್ತದೆ, ಓದ್ರಿ. ಡ್ರೈವರ್ ಸೀಟಿನ ಕೆಳಗೆ ಹಂಗೇ ಬಿಟ್ರೆ ಬ್ರೇಕ್ ಹಾಕಿದಾಗ ಉರುಳಿ ಪೆಡಲ್ ಕೆಳಗೆ ಸಿಕ್ಕೊಳ್ತದೆ.

ಸರಿಯಾದ ಜಾಗ ಅಂದ್ರೆ ಪಕ್ಕದ ಸೀಟಿನ ಮುಂಭಾಗ, ನೆಲಕ್ಕೆ ಹತ್ತಿರ. ಅಲ್ಲಿ ನೆರಳು ಇರ್ತದೆ, ಡ್ರೈವರ್ ಕೈಗೂ ಎಟಕ್ತದೆ. ಕಬ್ಬಿಣದ ಕ್ಲ್ಯಾಂಪ್ ಹಾಕಿ ಬೋಲ್ಟ್ ಮಾಡಿಸ್ರಿ. ಪ್ಲಾಸ್ಟಿಕ್ ಪಟ್ಟಿ ನಂಬಬ್ಯಾಡ್ರಿ, ಗಾಡಿ ಗುದ್ದಿದಾಗ 1 ಕೆಜಿ ಸಿಲಿಂಡರೇ ಕಲ್ಲಿನಂಗೆ ಹಾರ್ತದೆ.

ಕೊಳ್ಳುವಾಗ ಎಬಿಸಿ ಪೌಡರ್, ಐಎಸ್‌ಐ ಗುರುತು ಇರೋದೇ ತಗೊಳ್ರಿ. ಮೀಟರಿನ ಮುಳ್ಳು ಹಸಿರಿನಲ್ಲಿರಬೇಕು. ಪೌಡರ್ ತಳಕ್ಕೆ ಗಟ್ಟಿ ಕೂಡ್ತದೆ, ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸ್ರಿ.

ಹೊಗಿ ಕಂಡ್ರೆ ಮೊದಲು ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಎಲ್ಲಾರನ್ನೂ ಇಳಿಸಿ ದೂರ ಕಳಿಸ್ರಿ. ಮಕ್ಕಳು, ವಯಸ್ಸಾದವರು ಮೊದಲು. 112ಕ್ಕೆ ಫೋನ್ ಮಾಡ್ರಿ. ಬಾನೆಟ್ ಪೂರ್ತಿ ಎತ್ತಬ್ಯಾಡ್ರಿ, ಗಾಳಿ ನುಗ್ಗಿ ಬೆಂಕಿ ಮೇಲೇಳ್ತದೆ. ಲಿವರ್ ಎಳೆದಾಗ ಬೀಳೋ ಸಂದಿಯಿಂದಲೇ ಬೆಂಕಿಯ ಬುಡಕ್ಕೆ ಹೊಡೀರಿ. ಪೌಡರ್ ಬರೋದು ಹತ್ತು ಸೆಕೆಂಡಿನ ಆಸುಪಾಸು ಮಾತ್ರ. ಅಷ್ಟರಲ್ಲಿ ಆರಲಿಲ್ಲ ಅಂದ್ರೆ, ಇಲ್ಲಾ ಉರೀತಿರೋದು ಸಿಎನ್‌ಜಿ ಸಿಲಿಂಡರ್, ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಹತ್ತಿರ ಅಂದ್ರೆ, ಗಾಡಿ ಬಿಟ್ಟು ದೂರ ಹೋಗ್ರಿ. ಕಂತು ಇನ್ನೂ ಬಾಕಿ ಇದ್ರೂ ಸರಿ. ಕಾರಿಗೆ ಇನ್ಶೂರೆನ್ಸ್ ಬರ್ತದೆ, ಜೀವ ಬರಲ್ಲ.

ಇದನ್ನ ಕೇಳಿ ಮುಗಿಸಿದ ಮೇಲೆ ಒಂದು ಕೆಲಸ ಮಾಡ್ರಿ. ನಿಂತ ಕಾರಿನಲ್ಲಿ ಕೂತು, ಬೆಲ್ಟ್ ಹಾಕ್ಕೊಂಡು, ಎಡಗೈ ಚಾಚಿ ನೋಡ್ರಿ. ಸಿಲಿಂಡರ್ ಕೈಗೆ ತಾಗಲಿಲ್ಲ ಅಂದ್ರೆ ಜಾಗ ಬದಲಿಸ್ರಿ. ಮನೆಯಲ್ಲಿ ಗಾಡಿ ಓಡಿಸೋ ಎಲ್ಲಾರಿಗೂ ಆ ಜಾಗ ತೋರಿಸ್ರಿ.