ಎಡ ಲೇನಿನ ಮರ್ಯಾದೆ
(ಸಂಘದ ಸಭೆಯಲ್ಲಿ ಆಡಿದ ಮಾತು)



ಹೋಟೆಲಿನವರ, ಗಿರಣಿಯವರ ಸಭೆಯಲ್ಲಿ ಟ್ರೇಲರಿನ ಮಾತೇಕೆ ಎಂದು ಕೆಲವರು ಕೇಳಬಹುದು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮವರಲ್ಲಿ ಕೆಲವರು ಸ್ಟೇರಿಂಗು ಹಿಡಿದರು. ಈಗ ಅವರ ಮಕ್ಕಳು ನ್ಹಾವಾ ಶೇವಾ ಬಂದರಿನಿಂದ ಕಂಟೇನರು ಹೇರಿಕೊಂಡು ಪುಣೆಯ ದಾರಿ ಹಿಡಿಯುತ್ತಾರೆ. ಮಿಕ್ಕ ನಾವು ರಜಾ ಸಿಕ್ಕಿದಾಗ ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಅದೇ ದಾರಿಯಲ್ಲಿ ನಿದ್ದೆ ಮಾಡುತ್ತೇವೆ. ಆದುದರಿಂದ ಈ ಮಾತು ಇಬ್ಬರಿಗೂ ಸೇರಿದ್ದು.

ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ 2002ರಲ್ಲಿ ಪೂರ್ತಿಯಾಗಿ ತೆರೆಯಿತು. ಉದ್ದ ಸುಮಾರು 94 ಕಿಲೋಮೀಟರು. ಹೋಗಲು ಮೂರು ಲೇನು, ಬರಲು ಮೂರು. ಎಡಗಡೆಯದು ಭಾರದ ಗಾಡಿಗೆ, ನಡುವಿನದು ಕಾರಿಗೆ, ಬಲಗಡೆಯದು ಓವರ್‌ಟೇಕ್ ಮಾಡಲು ಮಾತ್ರ. ಬಯಲಿನಲ್ಲಿ ಕಾರಿಗೆ ಗಂಟೆಗೆ 100, ಲಾರಿಗೆ 80. ಘಾಟಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಡ ಲೇನಿನಲ್ಲಿ ಉಳಿಯುವುದು ಸೋಲೆಂದು ನಮ್ಮ ಹುಡುಗರು ತಿಳಿದಿದ್ದಾರಲ್ಲ, ಅದೇ ತೊಂದರೆ.

ಒಂದು ಲೆಕ್ಕ ಮಾಡೋಣ. ಮುಂದಿನ ಟ್ರೇಲರು 60ರಲ್ಲಿ ಓಡುತ್ತಿದೆ, ನೀವು 62ರಲ್ಲಿ. ಎರಡೂ ಹದಿನೈದು ಹದಿನೈದು ಮೀಟರು ಉದ್ದ. ಹಿಂದೆ ಇಪ್ಪತ್ತು, ಮುಂದೆ ಇಪ್ಪತ್ತು ಮೀಟರು ಅಂತರ ಬೇಕು. ಆ 70 ಮೀಟರು ದಾಟಲು ಎರಡು ನಿಮಿಷ ಮಿಕ್ಕಿ ಬೇಕು. ಅಷ್ಟರಲ್ಲಿ ರಸ್ತೆಯ ಎರಡು ಕಿಲೋಮೀಟರಿಗೂ ಹೆಚ್ಚು ಕಳೆದಿರುತ್ತದೆ. ಹಿಂದೆ ಬಸ್ಸುಗಳ ಸಾಲು ನಿಂತಿರುತ್ತದೆ. ತಾಳ್ಮೆ ತಪ್ಪಿದ ಯಾವನೋ ಒಬ್ಬ ಎಡಗಡೆಯಿಂದ ನುಗ್ಗುತ್ತಾನೆ. ಎಡದಲ್ಲಿರುವ ಚಾಲಕ ಕಾಲನ್ನು ಕೊಂಚ ಸಡಿಲಿಸಿ 55ಕ್ಕೆ ಇಳಿದರೆ ಅದೇ ಕೆಲಸ ಅರ್ಧ ನಿಮಿಷದ ಆಸುಪಾಸಿನಲ್ಲಿ ತೀರುತ್ತದೆ. ಆದರೆ ಇಳಿಯುವುದಿಲ್ಲ! ಪಕ್ಕಕ್ಕೆ ಗಾಡಿ ಬಂದ ಕೂಡಲೇ ಕಾಲು ತಾನಾಗಿ ಒತ್ತುತ್ತದೆ. ಇದು ನಮ್ಮೆಲ್ಲರ ರೋಗ.

ಖಂಡಾಳಾ ಘಾಟು ಇಳಿಯುವಾಗ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಆಗ ಹಿಡಿದು ನಿಲ್ಲಿಸುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದರೆ ಹಿಡಿಯುವುದಿಲ್ಲ. ಎಂಜಿನನ್ನೇ ಆರಿಸಿದರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಂತಿತು. ಏರುವಾಗಿನ ಗೇರಿನಲ್ಲೇ ಇಳಿಯಬೇಕೆಂಬುದು ಹಳೆಯ ಚಾಲಕರ ಪಾಠ. ಟ್ರೇಲರಿಗಂತೂ ಇನ್ನೊಂದು ಅಪಾಯ: ತಿರುವಿನಲ್ಲಿ ಫಕ್ಕನೆ ಬ್ರೇಕು ಒತ್ತಿದರೆ ಹಿಂದಿನ ಭಾರ ಮುಂದಿನ ಕ್ಯಾಬಿನನ್ನು ತಳ್ಳಿ, ಗಾಡಿ ಚಾಕುವಿನಂತೆ ಮಡಚಿಕೊಳ್ಳುತ್ತದೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು.

ಇಂಗ್ಲೆಂಡಿನಲ್ಲಿ ಕಾರಿನ ಹಿಂದೆ ಸಣ್ಣ ಟ್ರೇಲರು ಕಟ್ಟಿದವನೂ ಮೂರು ಲೇನಿನ ಮೋಟಾರುದಾರಿಯಲ್ಲಿ ಬಲತುದಿಯ ಲೇನಿಗೆ ಹೋಗುವಂತಿಲ್ಲ. ವೇಗ 60 ಮೈಲಿಗೆ ಸೀಮಿತ. ವಿಹಾರಕ್ಕೆ ಹೊರಟ ಶ್ರೀಮಂತನಿಗೂ ಅದೇ ಕಾನೂನು. ಹಾಗಾದರೆ ಎಡ ಲೇನಿನಲ್ಲಿ ನಮಗೆಂತಹ ಅವಮಾನ?

ಆದರೆ ತಪ್ಪೆಲ್ಲ ಚಾಲಕನದೆಂದು ನಾವು ಒಪ್ಪುವುದಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಟ್ಟು, ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡಿ 'ಎಲ್ಲಿದ್ದೀ?' ಎನ್ನುವ ಮಾಲೀಕನೂ ಆ ಕಾಲಿನ ಮೇಲೆ ಕಾಲಿಟ್ಟಿದ್ದಾನೆ. ಇಡೀ 94 ಕಿಲೋಮೀಟರು ಬಯಲೇ ಆಗಿದ್ದರೂ 70ರ ಬದಲು 80ರಲ್ಲಿ ಓಡಿಸಿ ಗಳಿಸುವುದು ಹತ್ತು ನಿಮಿಷ. ನಮ್ಮ ಹೋಟೆಲಿನಲ್ಲಿ ಒಂದು ಚಹಾ ಕುಡಿಯುವ ಹೊತ್ತು!

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯ ದುಡಿಮೆ ಎಂದಿತು. 5 ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸದೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದಿತು. ನಮ್ಮಲ್ಲಿ ಎಷ್ಟು ಮಂದಿಗೆ ಆ ಅರ್ಧ ಗಂಟೆ ಸಿಕ್ಕಿದೆ? ಚಾಲಕ ಬಂಧುಗಳು ಕಳೆದ ತಿಂಗಳ ಟ್ರಿಪ್ ಚೀಟಿಗಳನ್ನು ಭಾನುವಾರ ಸಂಜೆ ಸಂಘದ ಕಚೇರಿಗೆ ತರಲಿ. ಹೊರಟ ಹೊತ್ತು, ತಲುಪಿದ ಹೊತ್ತು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಮಾಲೀಕರ ಮುಂದೆ ಕೂರೋಣ.